ಏಳೂವರೆ ಯೂರೋದ ವಾಚು

ಹೋದ ವರ್ಷ ಚಳಿಗಾಲದಲ್ಲಿ ಒಂದು ಎಚ್‌ಎಂಟಿ ಪೈಲಟ್ ವಾಚು ನಾಲ್ಕು ದಿನ ನನ್ನದಾಗಿತ್ತು. ನನ್ನದು ಅಂದರೆ, ಕೈಯಲ್ಲಿ ಇರಲಿಲ್ಲ. ಹರಾಜಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದೆ, ಅಷ್ಟೇ. ಕಪ್ಪು ಡಯಲ್, ಬಿಳಿ ಅಂಕಿ, ಕೀಲಿ ಕೊಡುವ ವಾಚು. ಚಿಕ್ಕಪ್ಪ ಅಂಥದ್ದೇ ಒಂದನ್ನು ಕಟ್ಟುತ್ತಿದ್ದ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ಅದಕ್ಕೆ ಕೀಲಿ ಕೊಡುವುದು ಅವನ ಪೂಜೆ.

ನಾನಿರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡೋಕೆ ಶುರು ಮಾಡಿದ ಎಚ್‌ಎಂಟಿಯ ಒಂದು ಕೂಸು ಇಲ್ಲಿನ ಯಾರದೋ ಮನೆಯ ಡ್ರಾಯರ್ ಹೇಗೆ ಸೇರಿತೋ ಗೊತ್ತಿಲ್ಲ. ಆನ್‌ಲೈನ್ ಹರಾಜು ತಾಣದಲ್ಲಿ ಏನನ್ನೋ ಹುಡುಕುವಾಗ ಸಿಕ್ಕಿತು. ಆರಂಭದ ಬೆಲೆ 1 ಯೂರೋ. ಫೋಟೋ ದೊಡ್ಡದು ಮಾಡಿ ನೋಡಿದೆ. ಗಾಜಿನ ಮೇಲೆ, ನಾಲ್ಕರ ಅಂಕಿಯ ಪಕ್ಕ, ಬೆಕ್ಕು ಪರಚಿದ ಹಾಗೆ ಒಂದು ಗೀರು. ಅದು ಬಿಟ್ಟರೆ ಚೆನ್ನಾಗಿತ್ತು. ನಾನು 40 ಯೂರೋ ಬರೆದೆ. ಬೆಲೆ 7 ಯೂರೋ 50 ಸೆಂಟ್‌ಗೆ ಬಂದು ನಿಂತಿತು.

ಐದನೇ ದಿನ ಬೆಳಿಗ್ಗೆ ನೋಡಿದರೆ ಹರಾಜೇ ಇಲ್ಲ. ‘ವಸ್ತು ಈಗ ಲಭ್ಯವಿಲ್ಲ, ಆದ್ದರಿಂದ ಮಾರಾಟಗಾರರು ಹರಾಜನ್ನು ಬೇಗ ಮುಗಿಸಿದ್ದಾರೆ’ ಅಂತ ಒಂದು ಸಾಲು. ಕಳೆದುಹೋಯಿತೇನೋ, ಒಡೆದುಹೋಯಿತೇನೋ, ಪಾಪ ಅಂದುಕೊಂಡೆ. ಒಂದು ವಾರ ಕಳೆದ ಮೇಲೆ ಅದೇ ವಾಚು, ಅದೇ ಮೇಜುಬಟ್ಟೆಯ ಮೇಲೆ, ನಾಲ್ಕರ ಪಕ್ಕದ ಅದೇ ಗೀರಿನ ಸಮೇತ ಮತ್ತೆ ಬಂತು. ಈ ಸಲ ಹರಾಜಿಲ್ಲ. ನೇರ ಬೆಲೆ, 89 ಯೂರೋ.

ಸಿಟ್ಟು ಬಂತು. ಹಣದ ವಿಷಯಕ್ಕಲ್ಲ. ನಾಲ್ಕು ದಿನ ಸುಮ್ನೆ ಕನಸು ಕಂಡಿದ್ದೆ ಅಲ್ವಾ, ಅದಕ್ಕೆ.

ಇಂಥ ತಾಣಗಳಲ್ಲಿ ಬೆಲೆ ಹೇಗೆ ಏರುತ್ತೆ ಅನ್ನೋದನ್ನು ಇಲ್ಲೇ ಹೇಳಿಬಿಡ್ತೀನಿ. ಊರಿನ ಹರಾಜಿನಲ್ಲಿ ಕೂಗುವ ಹಾಗೆ ಇಲ್ಲಿ ಕೂಗೋದಿಲ್ಲ. ಹೆಚ್ಚೆಂದರೆ ಎಷ್ಟು ಕೊಡಬಲ್ಲಿರಿ ಅನ್ನೋದನ್ನು ಗುಟ್ಟಾಗಿ ಬರೆದಿಡ್ತೀರಿ. ಅದು ಮಾರುವವನಿಗೂ ಕಾಣೋದಿಲ್ಲ. ನಾನು 40 ಬರೆದಿದ್ದೆ, ಇನ್ನೊಬ್ಬ ಯಾರೋ 7 ಬರೆದಿದ್ದ. ಅವನನ್ನು ದಾಟೋಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಕಂಪ್ಯೂಟರ್ ನನ್ನ ಪರವಾಗಿ ಕೂಗುತ್ತೆ. ಏಳಕ್ಕೆ ಐವತ್ತು ಸೆಂಟ್ ಸೇರಿಸಿ ಏಳೂವರೆ. ಅಂದರೆ ಪರದೆಯ ಮೇಲೆ ಕಾಣುತ್ತಿದ್ದದ್ದು ನನ್ನ ಆಸೆಯ ಅಳತೆಯಲ್ಲ. ನನಗಿಂತ ಹಿಂದೆ ಇದ್ದವನ ಜೇಬಿನ ಅಳತೆ. ನನ್ನ ಉಳಿದ ಮೂವತ್ತೆರಡೂವರೆ ಯೂರೋ ಬಾಗಿಲ ಹಿಂದೆ ನಿಂತಿತ್ತು. ಇನ್ನೊಬ್ಬ ಬಂದು 35 ಅಂದಿದ್ದರೆ ಬೆಲೆ ಒಂದೇ ಕ್ಷಣಕ್ಕೆ 35ರ ಮೇಲೆ ಹೋಗ್ತಿತ್ತು. ಆ ಮಾರಾಟಗಾರ ಏಳೂವರೆ ನೋಡಿದ, ಬಾಗಿಲು ಮುಚ್ಚಿದ.

ಹೀಗೆ ಎರಡನೆಯವನ ಬೆಲೆಗೆ ಮೊದಲನೆಯವನಿಗೆ ಕೊಡುವ ಪದ್ಧತಿ ಕಂಪ್ಯೂಟರ್ ಕಾಲದ್ದೇನಲ್ಲ. ಅಂಚೆಚೀಟಿ ವ್ಯಾಪಾರಿಗಳು ನೂರು ವರ್ಷಕ್ಕೂ ಹಿಂದೆ ಕಾಗದದಲ್ಲೇ ಇದನ್ನು ಮಾಡ್ತಿದ್ದರು. ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞ ಇದರ ಗಣಿತವನ್ನು ಬರೆದದ್ದು 1961ರಲ್ಲಿ. ಎಚ್‌ಎಂಟಿ ವಾಚು ಶುರುವಾದ ವರ್ಷವೇ, ನೋಡಿ. ಎರಡಕ್ಕೂ ಏನೂ ಸಂಬಂಧವಿಲ್ಲ, ಆದರೂ ನನಗೆ ಖುಷಿಯಾಯಿತು. ವಿಕ್ರಿಗೆ 1996ರಲ್ಲಿ ನೊಬೆಲ್ ಬಂತು. ಸುದ್ದಿ ಬಂದ ಮೂರೇ ದಿನಕ್ಕೆ ತೀರಿಹೋದ. ಬದುಕಿರುವಾಗಲೇ ಬೆಲೆ ಗೊತ್ತಾಯಿತಲ್ಲ, ಅಷ್ಟಾದರೂ ಆಯಿತು.

ಇನ್ನೊಂದು, ಈ ಹರಾಜುಗಳಲ್ಲಿ ನಡುವಿನ ದಿನಗಳ ಬೆಲೆಗೆ ಅರ್ಥವೇ ಇಲ್ಲ. ಪಳಗಿದವರು ಕೊನೆಯ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಬರ್ತಾರೆ. ಅಲ್ಲಿವರೆಗೆ ಮರದ ಮರೆಯಲ್ಲಿ ನಿಂತಿರ್ತಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನೇ ಕೂತು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಅಲ್ಲಿ ಕೊನೆಯಲ್ಲಿ ಯಾರಾದರೂ ಬಂದರೆ ಹರಾಜು ಹತ್ತು ನಿಮಿಷ ತಾನಾಗೇ ಮುಂದೆ ಹೋಗ್ತಿತ್ತು. ಇಬೇ ಅನ್ನೋ ಹರಾಜು ತಾಣದಲ್ಲಿ ಹೊತ್ತು ಮುಗಿದರೆ ಮುಗೀತು. ಕೊನೆ ಗಳಿಗೆಯ ನುಗ್ಗಾಟ ಇಬೇಯಲ್ಲೇ ಜಾಸ್ತಿ ಅಂತ ಅವರು ತೋರಿಸಿದರು. ಹಾಗಾಗಿ ಏಳು ದಿನದ ಹರಾಜಿನ ಐದನೇ ದಿನ ಬೆಲೆ ಕಮ್ಮಿ ಇದೆ ಅಂತ ಕಂಗಾಲಾಗೋದು, ಮದುವೆಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಊಟದ ಪಂಕ್ತಿ ಖಾಲಿ ಇದೆ ಅಂತ ಅಳುವ ಹಾಗೆ.

ಇಷ್ಟೆಲ್ಲ ತಿಳಿದವನು ನಾನು. ಆದರೂ ಮೂರು ತಿಂಗಳಿಗೆ ಅದೇ ಕೆಲಸ ಮಾಡಿದೆ.

ನನ್ನದು ಕ್ಯಾಮೆರಾ. ಪ್ರಾಕ್ಟಿಕಾ ಎಂಟಿಎಲ್ 5. ಪೂರ್ವ ಜರ್ಮನಿ ಇದ್ದಾಗ ಡ್ರೆಸ್ಡೆನ್‌ನಲ್ಲಿ ಮಾಡುತ್ತಿದ್ದ, ರೀಲು ಹಾಕುವ ಕ್ಯಾಮೆರಾ. ಇಟ್ಟಿಗೆಯಷ್ಟು ತೂಕ. ಇಲ್ಲಿನ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ 15 ಯೂರೋಗೆ ತಂದಿದ್ದೆ. ಎರಡು ವಾರಾಂತ್ಯ ಕೂತು ಸರಿ ಮಾಡಿದೆ. ಹಿಂಬದಿಯ ಮುಚ್ಚಳದ ಅಂಚಿಗೆ ಬೆಳಕು ಒಳಗೆ ಬಾರದ ಹಾಗೆ ಸ್ಪಂಜಿನ ಪಟ್ಟಿ ಇರುತ್ತಲ್ಲ, ಅದು ಕರಗಿ ಕಪ್ಪು ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಹಲ್ಲುಕಡ್ಡಿಯಲ್ಲಿ ಕೆರೆದು ಕೆರೆದು ತೆಗೆದು, ಹೊಸ ಪಟ್ಟಿ ಕತ್ತರಿಸಿ ಅಂಟಿಸಿದೆ. ಲೈಟ್ ಮೀಟರಿನ ಮುಳ್ಳು ಅಲ್ಲಾಡಿದಾಗ ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳು ‘ಹಾಂ, ಅಲ್ಲಾಡ್ತಿದೆ’ ಅಂದು ಹೋದಳು.

ಮನೆಯಲ್ಲಿ ಆಗಲೇ ಆರು ಕ್ಯಾಮೆರಾ ಇದ್ದವು. ಇದನ್ನು ಮಾರೋದು ಅಂತ ತೀರ್ಮಾನವಾಯಿತು. ಐವತ್ತು ಯೂರೋ ಬರುತ್ತೆ ಅಂತ ನನ್ನ ಅಂದಾಜು. ಹಾಗಾದರೆ ಆರಂಭದ ಬೆಲೆ 45 ಅಂತ ಹಾಕಬಹುದಿತ್ತು. ಹಾಕಲಿಲ್ಲ. 1 ಯೂರೋ ಹಾಕಿದೆ. ಯಾಕೆಂದರೆ 45 ಅಂದರೆ ಯಾರೂ ತಿರುಗಿ ನೋಡೋದಿಲ್ಲ. 1 ಯೂರೋ ಅಂದರೆ ಜನ ಸೇರ್ತಾರೆ. ಸೇರಿದ ಜನ ಒಬ್ಬರನ್ನೊಬ್ಬರು ನೋಡಿ ಬಿಸಿಯಾಗ್ತಾರೆ. ನನ್ನ ಲೆಕ್ಕ ಇಷ್ಟೇ: ಜನ ಸೇರಿಸೋಕೆ ಒಂದು ಯೂರೋ, ಮಾರೋಕೆ ಐವತ್ತು. ಇದಕ್ಕಿಂತ ಕಮ್ಮಿ ಬಂದರೆ ಕೊಡೋದಿಲ್ಲ ಅಂತ ಒಳಬೆಲೆ ಇಡುವ ಸೌಲಭ್ಯವೂ ಇಂಥ ತಾಣಗಳಲ್ಲಿ ಇರುತ್ತೆ. ಆದರೆ ‘ಒಳಬೆಲೆ ಇನ್ನೂ ಮುಟ್ಟಿಲ್ಲ’ ಅಂತ ಕಂಡರೆ ಜನ ಜಾಗ ಖಾಲಿ ಮಾಡ್ತಾರೆ. ಅದಕ್ಕೇ ಅದೂ ಬೇಡ ಅಂದೆ.

ಐದನೇ ದಿನ ರಾತ್ರಿ ಬೆಲೆ 9 ಯೂರೋ 50 ಸೆಂಟ್. ಹನ್ನೊಂದು ಜನ ಗಮನಿಸುತ್ತಿದ್ದಾರೆ ಅಂತ ಪಕ್ಕದಲ್ಲಿ ಬರೆದಿತ್ತು. ಮರದ ಮರೆಯಲ್ಲಿ ನಿಂತವರು ಅವರೇ ಇರಬಹುದು ಅಂತ ತಲೆಗೆ ಗೊತ್ತಿತ್ತು. ಹೊಟ್ಟೆಗೆ ಗೊತ್ತಿರಲಿಲ್ಲ. ಹಲ್ಲುಕಡ್ಡಿಯಲ್ಲಿ ಕೆರೆದ ಎರಡು ವಾರಾಂತ್ಯಕ್ಕೆ ಒಂಬತ್ತೂವರೆಯಾ? ಇಲ್ಲಿ ಒಂದು ಶಾವರ್ಮಾ, ಒಂದು ಕೋಕ್ ಬರುತ್ತೆ ಅಷ್ಟಕ್ಕೆ.

‘ಹರಾಜು ಮುಗಿಸಿ’ ಅನ್ನೋದನ್ನು ಒತ್ತಿದೆ. ಕಾರಣ ಆರಿಸಿ ಅಂತ ಒಂದು ಪಟ್ಟಿ ಬಂತು. ವಸ್ತು ಈಗ ಲಭ್ಯವಿಲ್ಲ. ವಿವರದಲ್ಲಿ ತಪ್ಪಾಗಿದೆ. ವಸ್ತು ಕಳೆದಿದೆ ಅಥವಾ ಹಾಳಾಗಿದೆ. ಒಂದೆರಡು ನಿಮಿಷ ಆ ಪಟ್ಟಿಯನ್ನೇ ನೋಡುತ್ತಾ ಕೂತೆ. ನನ್ನ ಕಾರಣ ಅದರಲ್ಲಿ ಇರಲಿಲ್ಲ. ಬೆಲೆ ಸಾಲದು ಅಂತ ಒಂದು ಸಾಲು ಹಾಕಿದ್ದರೆ ಎಲ್ಲರೂ ಅದನ್ನೇ ಒತ್ತುತ್ತಿದ್ದರು, ಅದಕ್ಕೇ ಹಾಕಿಲ್ಲ. ಆ ಪುಟ ದಾಟಬೇಕಾದರೆ ಒಂದು ಸುಳ್ಳು ಹೇಳಲೇಬೇಕು. ಮೂರರಲ್ಲಿ ಯಾವ ಸುಳ್ಳು ಅನ್ನೋದಷ್ಟೇ ನಮ್ಮ ಆಯ್ಕೆ. ಕ್ಯಾಮೆರಾ ಹಾಳಾಗಿದೆ ಅಂತ ಒತ್ತಿದೆ. ಕ್ಯಾಮೆರಾ ಪಕ್ಕದಲ್ಲೇ ಕೂತಿತ್ತು.

ಇಬೇ ಥರದ ಕಡೆ ಕೊನೆಯ ಹನ್ನೆರಡು ಗಂಟೆಯೊಳಗೆ ಹೀಗೆ ಸುಲಭವಾಗಿ ಜಾರಿಕೊಳ್ಳೋಕೆ ಆಗೋದಿಲ್ಲ. ಬಿಡ್ ಬಂದಿದ್ದರೆ ಮೇಲಿರುವವನಿಗೆ ಕೊಟ್ಟು ಮುಗಿಸಬೇಕು. ಅದಕ್ಕೂ ಮೊದಲು ದಾರಿ ತೆರೆದಿರುತ್ತೆ. ನನ್ನಂಥವರು ಐದನೇ ದಿನವೇ ಹೆದರೋದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು ಅನ್ನಿ.

ಇಲ್ಲಿ ಊರಿನ ಮಾತು ಬರುತ್ತೆ. ನಮ್ಮದು ಶಿರಸಿ ಕಡೆಯ ಅಡಿಕೆ ಮನೆ. ಚಿಕ್ಕವನಿದ್ದಾಗ ರಜೆಯಲ್ಲಿ ಅಪ್ಪನ ಜೊತೆ ಅಡಿಕೆ ಮಾರುವ ಸೊಸೈಟಿಗೆ ಹೋಗ್ತಿದ್ದೆ. ಅಂಗಳದಲ್ಲಿ ಸಾಲಾಗಿ ಚೀಲಗಳು. ಅಡಿಕೆಯಲ್ಲೇ ಬೇರೆ ಬೇರೆ ಬಗೆ: ರಾಶಿ ಒಂದು ಕಡೆ, ಚಾಲಿ ಒಂದು ಕಡೆ, ಬೆಟ್ಟೆ, ಕೆಂಪುಗೋಟು ಇನ್ನೊಂದು ಕಡೆ. ಚೀಲದ ಬಾಯಿ ಬಿಚ್ಚಿಟ್ಟಿರ್ತಾರೆ. ವ್ಯಾಪಾರಿಗಳು ಬಂದು ಚೀಲದ ಆಳಕ್ಕೆ ಕೈ ಹಾಕ್ತಾರೆ. ಮೇಲೆ ಚೆನ್ನಾಗಿರೋದು ಇಟ್ಟು ಕೆಳಗೆ ಬೇರೆ ತುಂಬಿದ್ದಾರಾ ಅಂತ. ಒಂದು ಅಡಿಕೆ ಒಡೆದು ಒಳಗಿನ ಬಣ್ಣ ನೋಡ್ತಾರೆ. ಮುಖದಲ್ಲಿ ಏನೂ ತೋರಿಸೋದಿಲ್ಲ. ಚೀಟಿಯಲ್ಲಿ ಲಾಟ್ ನಂಬರಿನ ಮುಂದೆ ದರ ಬರೆದು ಕೊಡ್ತಾರೆ. ಪಕ್ಕದ ವ್ಯಾಪಾರಿ ಎಷ್ಟು ಬರೆದ ಅಂತ ಯಾರಿಗೂ ಗೊತ್ತಿಲ್ಲ. ಆಮೇಲೆ ಟೆಂಡರ್ ಬಿಚ್ಚಿ ಮೇಲಿನ ದರ ಯಾವುದು ಅಂತ ಹೇಳ್ತಾರೆ. ನಮ್ಮೂರಲ್ಲಿ ಇದಕ್ಕೆ ಹರಾಜು ಅನ್ನೋದಿಲ್ಲ, ಟೆಂಡರ್ ಅಂತಲೇ ಹೆಸರು.

ದರ ಹೇಳಿದ ಮೇಲೆ ಗುಮಾಸ್ತ ಅಪ್ಪನ ಮುಖ ನೋಡುವನು. ಕೊಡ್ತೀರೋ, ಇಟ್ಕೊಳ್ತೀರೋ? ಅಪ್ಪ ಎಷ್ಟೋ ಸಲ ‘ಇರಲಿ, ಇಟ್ಕಳಿ’ ಅಂದದ್ದನ್ನು ನೋಡಿದ್ದೇನೆ. ಅಡಿಕೆ ಅಲ್ಲೇ ವಖಾರಿಯಲ್ಲಿ ಉಳಿಯೋದು. ದರ ಬರೆದ ವ್ಯಾಪಾರಿ ಅಪ್ಪನ ಜೊತೆ ಅದೇ ಬೆಂಚಿನಲ್ಲಿ ಕೂತು ಕವಳ, ಅಂದರೆ ಎಲೆಅಡಿಕೆ, ಹಾಕೋನು. ಯಾರಿಗೂ ಬೇಜಾರಿಲ್ಲ. ಅಡಿಕೆ ಕಾಯುತ್ತೆ, ಅದೂ ಒಂದು ಬಲ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಬೆಳೆಗಾರರು ಬೆಲೆ ಒಪ್ಪದೆ ಇರಬಹುದು, ಆದರೆ ಗೂಡಿನೊಳಗಿನ ಹುಳ ಕಾಯೋದಿಲ್ಲ. ದಿನ ಕಳೆದ ಹಾಗೆ ತೂಕ ಇಳಿಯುತ್ತೆ, ಕೊನೆಗೆ ಚಿಟ್ಟೆ ಗೂಡು ಕೊರೆದು ಹೊರಗೆ ಬಂದೇಬಿಡುತ್ತೆ.

ವಾಚಿನ ಕಥೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ಅವನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. ‘ದರ ಬರಲಿಲ್ಲ, ಅವ ಕೊಡಲಿಲ್ಲ. ಅದರಲ್ಲಿ ತಪ್ಪೇನು ತಮಾ?’ ಅಂದ. ನನಗೆ ಆಗ ಉತ್ತರ ಹೊಳೆಯಲಿಲ್ಲ. ಕ್ಯಾಮೆರಾ ಹರಾಜನ್ನು ನಾನೇ ಮುರಿದ ಮೇಲೆ ಹೊಳೆಯಿತು. ಅಪ್ಪ ‘ಕೊಡೋದಿಲ್ಲ’ ಅನ್ನೋದು ಎಲ್ಲ ಚೀಟಿ ಬಿಚ್ಚಿದ ಮೇಲೆ. ಹಾಗೆ ಅನ್ನಬಹುದು ಅಂತ ವ್ಯಾಪಾರಿಗೆ ಬರೆಯೋ ಮೊದಲೇ ಗೊತ್ತು. ಅಪ್ಪ ಯಾವತ್ತೂ ಚೀಲದ ಮುಂದೆ ‘ಒಂದು ರೂಪಾಯಿಗೂ ಕೊಡ್ತೇನೆ ಬನ್ನಿ’ ಅಂತ ಬೋರ್ಡ್ ಹಾಕಿ ಜನ ಸೇರಿಸಿದವನಲ್ಲ. ನಾನು ಹಾಕಿದ್ದೆ. ಆ ವಾಚಿನವನೂ ಹಾಕಿದ್ದ. ಬೆಲೆ ಒಪ್ಪದೆ ಇರೋದಕ್ಕೆ ನಾವು ಮೊದಲೇ ಜಾಗ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಂಡರೆ ಜನ ಬರೋದಿಲ್ಲ ಅಂತ ಬಿಟ್ಟೆವು. ಜನ ಬಂದ ಮೇಲೆ ಆ ಜಾಗ ಬೇಕು ಅಂದೆವು.

ಇದನ್ನು ಜರ್ಮನಿಯ ಕೋರ್ಟು ನನಗಿಂತ ಗಟ್ಟಿಯಾಗಿ ಹೇಳಿದೆ ಅಂತ ಆಮೇಲೆ ಗೊತ್ತಾಯಿತು. ಕೆಲಸದ ಕಡೆ ಊಟದ ಹೊತ್ತಿನಲ್ಲಿ ಸುಮ್ನೆ ಈ ಕ್ಯಾಮೆರಾ ವಿಷಯ ಹೇಳಿದೆ. ಎದುರು ಕೂತಿದ್ದವನು ಫೋರ್ಕ್ ಕೆಳಗಿಟ್ಟ. ‘ನೀನು ಪಾಸಾಟ್ ಕೇಸು ಕೇಳಿಲ್ವಾ?’ ಅಂದ.

ಒಬ್ಬಾತ ಹಳೇ ಫೋಕ್ಸ್‌ವ್ಯಾಗನ್ ಪಾಸಾಟ್ ಕಾರನ್ನು ಇಬೇಯಲ್ಲಿ ಹರಾಜಿಗಿಟ್ಟ. ಆರಂಭದ ಬೆಲೆ 1 ಯೂರೋ. ಒಳಬೆಲೆ ಇಲ್ಲ. ಒಬ್ಬ ಬಂದು ತನ್ನ ಗರಿಷ್ಠ ಬೆಲೆ 555 ಯೂರೋ 55 ಸೆಂಟ್ ಅಂತ ಗುಟ್ಟಾಗಿ ಬರೆದಿಟ್ಟ. ಬೇರೆ ಯಾರೂ ಬರುವ ಮೊದಲೇ ಮಾರಾಟಗಾರ ಹರಾಜು ನಿಲ್ಲಿಸಿಬಿಟ್ಟ. ಹೊರಗೆ ಅವನಿಗೆ 4,200 ಯೂರೋ ಕೊಡುವ ಗಿರಾಕಿ ಸಿಕ್ಕಿದ್ದ. ಬಿಡ್ ಮಾಡಿದವನು ಕೋರ್ಟಿಗೆ ಹೋದ. ನಿಲ್ಲಿಸಿದ ಕ್ಷಣದಲ್ಲಿ ನಾನೊಬ್ಬನೇ ಇದ್ದೆ, ಅಂದರೆ ಕಾರು 1 ಯೂರೋಗೆ ನನ್ನದು; ಅದರ ಬೆಲೆ 5,250; ಒಂದು ಯೂರೋ ಕಳೆದು 5,249 ಕೊಡಿ ಅಂದ. ಕೇಸು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯದವರೆಗೆ ಹೋಯಿತು. 2014ರ ನವೆಂಬರ್ 12ರಂದು ತೀರ್ಪು ಬಂತು. ಕೊಡಬೇಕು ಅಂತ. ಕಾರು ಅಗ್ಗಕ್ಕೆ ಸಿಗಬಹುದು ಅನ್ನೋದೇ ಕೊಳ್ಳುವವನಿಗೆ ಈ ಹರಾಜಿನ ಆಕರ್ಷಣೆ. ಅಷ್ಟು ಕಮ್ಮಿ ಬೆಲೆಗೆ, ಒಳಬೆಲೆ ಇಲ್ಲದೆ ಶುರು ಮಾಡಿದವನು ಆ ಅಪಾಯವನ್ನು ತಾನೇ ಮೈಮೇಲೆ ಹಾಕಿಕೊಂಡಿದ್ದಾನೆ. ಕೋರ್ಟಿನ ಮಾತಿನ ತಿರುಳು ಇದು.

ಎರಡು ವರ್ಷ ಬಿಟ್ಟು ಇನ್ನೊಂದು ಬಂತು. ಅದರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು. ಮಾರುವವನು ಹರಾಜು ನಿಲ್ಲಿಸಲಿಲ್ಲ. ಇನ್ನೊಂದು ಹೆಸರಿನಲ್ಲಿ ಖಾತೆ ತೆರೆದು ತಾನೇ ತನ್ನ ಕಾರಿಗೆ ಬೆಲೆ ಏರಿಸುತ್ತಾ ಹೋದ. ಕೋರ್ಟು ಅವನ ಸ್ವಂತ ಬಿಡ್‌ಗಳನ್ನೆಲ್ಲ ಕಿತ್ತು ಹಾಕಿತು. ಆಗ ಉಳಿದದ್ದು ಹೊರಗಿನವನೊಬ್ಬನ ಬಿಡ್, ಅದನ್ನು ದಾಟಿದ ದೂರುದಾರನ 1 ಯೂರೋ 50 ಸೆಂಟ್. ಕಾರು ಒಂದೂವರೆ ಯೂರೋಗೆ ಆ ದೂರುದಾರನದ್ದೇ ಆಗಿತ್ತು, ಅವನಿಗೆ ಪರಿಹಾರ 16,500 ಯೂರೋ ಕೊಡು ಅಂತ ಮಾರುವವನಿಗೆ ಹೇಳಿತು. ಈ ದೇಶದ ಜನ ರಸ್ತೆ ಖಾಲಿ ಇದ್ದರೂ ಕೆಂಪು ದೀಪಕ್ಕೆ ಯಾಕೆ ನಿಲ್ತಾರೆ ಅಂತ ಆವತ್ತು ಸ್ವಲ್ಪ ಅರ್ಥವಾಯಿತು.

ಇದರಿಂದ ಒಂದು ವಿಚಿತ್ರ ಕಸುಬೂ ಹುಟ್ಟಿಕೊಂಡಿತಂತೆ. ಮುರಿದ ಹರಾಜುಗಳನ್ನು ಬೇಟೆಯಾಡುವವರು. ಜರ್ಮನ್ ಭಾಷೆಯಲ್ಲಿ ಅವರಿಗೊಂದು ಹೆಸರೇ ಇದೆ, ‘ಆಬ್‌ಬ್ರುಖ್‌ಯೇಗರ್’. 1 ಯೂರೋದ ಹರಾಜುಗಳಿಗೆಲ್ಲ ಒಂದೊಂದು ಸಣ್ಣ ಬಿಡ್ ಹಾಕಿ ಕಾಯ್ತಾರೆ. ವಸ್ತು ಸಿಗಲಿ ಅಂತಲ್ಲ. ಮಾರುವವನು ಹೆದರಿ ನಿಲ್ಲಿಸಲಿ, ಆಮೇಲೆ ಪರಿಹಾರ ಕೇಳೋಣ ಅಂತ. ಅವರೂ ಕೋರ್ಟು ಹತ್ತಿದ್ದಾರೆ, ಎಲ್ಲ ಸಲವೂ ಗೆದ್ದಿಲ್ಲ. ನನಗೆ ಅವರ ಮೇಲೆ ಗೌರವವಿಲ್ಲ. ಆದರೆ ಅವರ ಹೊಟ್ಟೆ ತುಂಬಿಸ್ತಿರೋದು ನನ್ನಂಥವರ ಐದನೇ ದಿನದ ಭಯ ಅನ್ನೋದು ಸುಳ್ಳಲ್ಲ.

ನಮ್ಮಲ್ಲಿ ಹೇಗೆ ಅಂತ ತಂಗಿಯನ್ನು ಕೇಳಿದೆ. ಅವಳು ಹುಬ್ಬಳ್ಳಿಯಲ್ಲಿ ವಕೀಲೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ನೋಡು ಅಂದಳು. ಹರಾಜು ಕೂಗುವವನು ಸುತ್ತಿಗೆ ಬಡಿದಾಗ ಅಥವಾ ರೂಢಿಯ ಇನ್ನೊಂದು ರೀತಿಯಲ್ಲಿ ಮುಗೀತು ಅಂದಾಗ ಮಾರಾಟ ಪೂರ್ತಿಯಾಗುತ್ತೆ. ಅಲ್ಲಿವರೆಗೆ ಕೂಗಿದವನೂ ಹಿಂದೆ ಸರಿಯಬಹುದು. ಒಳಬೆಲೆ ಇಡಬಹುದು. ಮಾರುವವನು ತಾನೂ ಕೂಗುವ ಹಕ್ಕನ್ನು ಮೊದಲೇ ಹೇಳಿ ಇಟ್ಟುಕೊಳ್ಳಬಹುದು. ಕಳ್ಳ ಕೂಗಿನಿಂದ ಬೆಲೆ ಏರಿಸಿದರೆ ಮಾತ್ರ ಕೊಂಡವನು ಮಾರಾಟವನ್ನು ರದ್ದು ಮಾಡಬಹುದು. ಅಂಗಳದಲ್ಲಿ ನಿಂತು ಕೂಗುವವರಿಗಾಗಿ ಮಾಡಿದ ಕಾನೂನು ಅದು. ಆನ್‌ಲೈನ್ ಹರಾಜು ನಮ್ಮಲ್ಲಿ ಅಷ್ಟಾಗಿ ಕುದುರಲೂ ಇಲ್ಲ. ಇಬೇ 2004ರಲ್ಲಿ ಬಾಜಿ ಡಾಟ್ ಕಾಮ್ ಕೊಂಡು ಭಾರತಕ್ಕೆ ಬಂತು, 2018ರಲ್ಲಿ ಆ ತಾಣ ಮುಚ್ಚಿತು. ನಮಗೆ ಚೌಕಾಶಿ ಸಾಕು. ‘ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ’ ಅಂದರೆ ಮುಗೀತು.

ಪಾಸಾಟ್ ಕೇಸು ಕೇಳಿದ ದಿನ ಮನೆಗೆ ಬಂದು ಲೆಕ್ಕ ಹಾಕಿದೆ. ಐವತ್ತರಲ್ಲಿ ಒಂಬತ್ತೂವರೆ ಕಳೆದರೆ ನಲವತ್ತೂವರೆ ಯೂರೋ. ಇಷ್ಟಕ್ಕೆ ಯಾರೂ ಕೋರ್ಟಿಗೆ ಹೋಗೋದಿಲ್ಲ ಅಂತ ಧೈರ್ಯ ತಂದುಕೊಂಡೆ.

ಕೋರ್ಟಿಗೆ ಯಾರೂ ಹೋಗಲಿಲ್ಲ. ಆದರೆ ಒಂದು ವಿಷಯ ಇಲ್ಲಿವರೆಗೆ ಹೇಳಿರಲಿಲ್ಲ. ಹರಾಜು ಮುರಿದ ರಾತ್ರಿಯೇ ಮೇಲೆ ಇದ್ದವನಿಂದ ಒಂದು ಮೆಸೇಜ್ ಬಂದಿತ್ತು. ಎರಡೇ ಸಾಲು. ‘ಕ್ಯಾಮೆರಾಕ್ಕೆ ಏನಾಯಿತು? ನನಗೆ ಅದು ಇಷ್ಟವಾಗಿತ್ತು.’ ನಾನು ಆಗಲೇ ಒಂದು ಸುಳ್ಳು ಒತ್ತಿದ್ದೆನಲ್ಲ, ಅದಕ್ಕೆ ಹೊಂದುವ ಇನ್ನೊಂದನ್ನು ಬರೆದೆ. ಪ್ಯಾಕ್ ಮಾಡಿ ನೋಡುವಾಗ ಕೈಜಾರಿ ಬಿತ್ತು, ಒಳಗಿನ ಕನ್ನಡಿ ಒಡೆದಿದೆ, ಕ್ಷಮಿಸಿ ಅಂತ.

ಮಾರನೇ ದಿನ ಉತ್ತರ ಬಂತು. ‘ಅಯ್ಯೋ, ಬೇಜಾರು ಮಾಡ್ಕೋಬೇಡಿ. ನನ್ನ ಹತ್ತಿರ ಶಟರ್ ಹೋದ ಒಂದು ಎಂಟಿಎಲ್ 5 ಇದೆ. ಅದರ ಕನ್ನಡಿ ಚೆನ್ನಾಗಿದೆ. ವಿಳಾಸ ಕೊಟ್ಟರೆ ಬಿಚ್ಚಿ ಕಳಿಸ್ತೀನಿ. ದುಡ್ಡು ಬೇಡ. ಒಳ್ಳೇ ಕ್ಯಾಮೆರಾ, ಹಾಳಾಗಬಾರದು.’

ಹೆಂಡತಿಗೆ ಅದನ್ನು ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ‘ಒಂಬತ್ತೂವರೆಗೆ ಅವರಿಗೇ ಕಳಿಸಿಬಿಡು’ ಅಂದಳು. ಹೇಗೆ ಕಳಿಸೋದು? ಒಡೆದ ಕನ್ನಡಿ ತಾನಾಗೇ ಕೂಡಿಕೊಂಡಿತು ಅಂತ ಬರೀಲಾ? ನಿಜ ಬರೆಯೋಕೆ ಮೂರು ಸಲ ಕೂತೆ. ಮೂರು ಸಲವೂ ‘ನಮಸ್ಕಾರ’ದ ಮುಂದೆ ಹೋಗಲಿಲ್ಲ.

ಮೆಸೇಜ್ ಇನ್ನೂ ಹಾಗೇ ಇದೆ. ಕ್ಯಾಮೆರಾ ಕಪಾಟಿನ ಮೇಲಿನ ಸಾಲಿನಲ್ಲಿ, ಏಳನೆಯದಾಗಿ ಕೂತಿದೆ. ನಿನ್ನೆ ಧೂಳು ಒರೆಸುವಾಗ ಲೆನ್ಸ್ ತಿರುಗಿಸಿ ತೆಗೆದು ಒಳಗೆ ನೋಡಿದೆ. ಕನ್ನಡಿಯ ಮೇಲೆ ಒಂದು ಗೀರೂ ಇಲ್ಲ.